ಸಿಡಿಲಿನ ಕಾಲಕ್ಕೆ ಮುನ್ನ ಸ್ವಿಚ್ಚಿನ ಫೈಲುಗಳನ್ನು ಹೊರಗೆ ತೆಗೆದಿಡುವ ಕ್ರಮ

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಕಚೇರಿಗಳ ನೆಟ್‌ವರ್ಕ್ ನೋಡಿಕೊಳ್ಳುವವರಿಗೆ ಏಪ್ರಿಲ್-ಮೇ ತಿಂಗಳ ಗುಡುಗು ಸಿಡಿಲಿನ ಸಂಜೆಗಳ ಆತಂಕ ಚೆನ್ನಾಗಿ ಗೊತ್ತು. ಕಚೇರಿಯ ಕಂಪ್ಯೂಟರುಗಳನ್ನು ಕೇಬಲ್ ಮೂಲಕ ಒಂದಕ್ಕೊಂದು ಜೋಡಿಸುವ ಸ್ವಿಚ್ಚು ಸುಟ್ಟುಹೋದರೆ ಅದರ ಬದಲಿಗೆ ಶಿವಮೊಗ್ಗದಿಂದ ಇನ್ನೊಂದನ್ನು ತರಿಸಬಹುದು. ಆದರೆ ಹಳೆಯದರ ಕಾನ್ಫಿಗರೇಶನ್ (ಹೊಂದಿಕೆಗಳ ಪಟ್ಟಿ) ಬೇರೆಲ್ಲೂ ಇರದಿದ್ದರೆ, ಯಾವ ಪೋರ್ಟು ಯಾವ ವಿ-ಲ್ಯಾನಿಗೆ (ಒಂದೇ ಸ್ವಿಚ್ಚಿನೊಳಗೆ ಬೇರ್ಪಡಿಸಿದ ಉಪಜಾಲಕ್ಕೆ) ಸೇರಿತ್ತೆಂಬುದನ್ನು ಒಂದೊಂದೇ ಕೇಬಲ್ ಹಿಡಿದು ಹುಡುಕುತ್ತ ಕೂರಬೇಕಾಗುತ್ತದೆ. ಇಲ್ಲಿ ಹೇಳುವ ಕ್ರಮ ಐಓಎಸ್ ಎಂಬ ಸಿಸ್ಕೋದ್ದೇ ತಂತ್ರಾಂಶವಿರುವ ಸಿಸ್ಕೋ ಕ್ಯಾಟಲಿಸ್ಟ್ ಸ್ವಿಚ್ಚುಗಳಿಗೆ ಸಂಬಂಧಿಸಿದ್ದು.

ಸ್ವಿಚ್ಚಿನಲ್ಲಿ ಎರಡು ಕಾನ್ಫಿಗರೇಶನ್‌ಗಳಿರುತ್ತವೆ. ನಾವು ಟೈಪ್ ಮಾಡಿದ ಆದೇಶಗಳು ಕೂಡಲೇ ಸೇರುವುದು ರ‍್ಯಾಮ್‌ನಲ್ಲಿರುವ ‘ರನ್ನಿಂಗ್-ಕಾನ್ಫಿಗ್’ಗೆ, ಕರೆಂಟ್ ಹೋದರೆ ಅದು ಅಳಿದುಹೋಗುತ್ತದೆ. ಮತ್ತೆ ಚಾಲೂ ಆದಾಗ ಸ್ವಿಚ್ಚು ಓದುವುದು ಕರೆಂಟ್ ಹೋದರೂ ಉಳಿಯುವ ‘ಸ್ಟಾರ್ಟಪ್-ಕಾನ್ಫಿಗ್’ ಅನ್ನು. ನಾನೊಮ್ಮೆ ಒಂದು ಕಚೇರಿಯಲ್ಲಿ ಮಧ್ಯಾಹ್ನವಿಡೀ ಪೋರ್ಟುಗಳನ್ನು ಹೊಂದಿಸಿ, ಸೇವ್ ಮಾಡದೆ ಚಹಾ ಕುಡಿಯಲು ಹೊರಬಂದಿದ್ದೆ; ಅಷ್ಟರಲ್ಲಿ ಕರೆಂಟ್ ಹೋಗಿ, ಯುಪಿಎಸ್ ಕೂಡ ಕೈಕೊಟ್ಟು, ಎಲ್ಲವನ್ನೂ ಮೊದಲಿನಿಂದ ಮಾಡಬೇಕಾಯಿತು. ಆದ್ದರಿಂದ ಮೊದಲ ಆದೇಶ ‘ಕಾಪಿ ರನ್ನಿಂಗ್-ಕಾನ್ಫಿಗ್ ಸ್ಟಾರ್ಟಪ್-ಕಾನ್ಫಿಗ್’.

ಇನ್ನು ಹೊರಗೆ ಸಾಗಿಸುವುದು. ಲ್ಯಾಪ್‌ಟಾಪಿನಲ್ಲಿ ಟಿಎಫ್‌ಟಿಪಿ ಸರ್ವರ್ (ಜಾಲದ ಮೂಲಕ ಫೈಲು ಪಡೆಯುವ-ಕಳಿಸುವ ಸರಳ ತಂತ್ರಾಂಶ) ತೆರೆದು, ಸ್ವಿಚ್ಚಿನಿಂದ ಲ್ಯಾಪ್‌ಟಾಪು ಸಿಗುತ್ತದೆಯೇ ಎಂದು ಪಿಂಗ್ ಮಾಡಿ ನೋಡಿ, ‘ಕಾಪಿ ಸ್ಟಾರ್ಟಪ್-ಕಾನ್ಫಿಗ್ ಟಿಎಫ್‌ಟಿಪಿ:’ ಎಂದು ಕೊಡಿ. ಸ್ವಿಚ್ಚು ಸರ್ವರಿನ ಐಪಿ ವಿಳಾಸವನ್ನೂ ಫೈಲಿನ ಹೆಸರನ್ನೂ ಕೇಳುತ್ತದೆ. ಹೆಸರಿನಲ್ಲಿ ಸ್ವಿಚ್ಚಿರುವ ಜಾಗ ಮತ್ತು ದಿನಾಂಕ ಎರಡೂ ಇರಲಿ. ತೆರೆಯ ಮೇಲೆ ಆಶ್ಚರ್ಯಸೂಚಕ ಚಿಹ್ನೆಗಳು ಮೂಡಿದರೆ ಫೈಲು ಸಾಗುತ್ತಿದೆ ಎಂದರ್ಥ. ಬರಿಯ ಚುಕ್ಕಿಗಳು ಮೂಡಿದರೆ ಸರ್ವರಿನಿಂದ ಉತ್ತರ ಬರುತ್ತಿಲ್ಲ. ಪಿಂಗ್ ಸರಿಯಿದ್ದೂ ಹೀಗಾದರೆ ಲ್ಯಾಪ್‌ಟಾಪಿನ ಫೈರ್‌ವಾಲ್ ಟಿಎಫ್‌ಟಿಪಿ ಬಳಸುವ ಯುಡಿಪಿ 69ನೇ ಪೋರ್ಟನ್ನು ತಡೆದಿದೆಯೇ ಎಂದು ಮೊದಲು ನೋಡಬೇಕು. ಟಿಎಫ್‌ಟಿಪಿಗೆ ಪಾಸ್‌ವರ್ಡೂ ಇಲ್ಲ, ಗೂಢಲಿಪಿಯೂ ಇಲ್ಲ. ಎಸ್‌ಎಸ್‌ಎಚ್ (ಗೂಢಲಿಪಿಯಲ್ಲಿ ದೂರದಿಂದ ಲಾಗಿನ್ ಆಗುವ ವ್ಯವಸ್ಥೆ) ಇರುವ ಸ್ವಿಚ್ಚಿನಲ್ಲಿ ಅದರ ಮೂಲಕವೇ ಫೈಲು ಸಾಗಿಸುವ ಎಸ್‌ಸಿಪಿ ಬಳಸುವುದೇ ಸರಿ. ಕಾನ್ಫಿಗ್ ಫೈಲಿನಲ್ಲಿರುವ ಟೈಪ್ 7 ಎಂಬ ದುರ್ಬಲ ಗೂಢರೂಪದ ಪಾಸ್‌ವರ್ಡುಗಳನ್ನು ಯಾರು ಬೇಕಾದರೂ ಸುಲಭವಾಗಿ ಬಿಡಿಸಬಹುದಾದ ಕಾರಣ, ಅದನ್ನು ವಾಟ್ಸ್ಆ್ಯಪ್ ಗುಂಪಿಗೆ ಹಾಕುವ ಅಭ್ಯಾಸವನ್ನು ದಯವಿಟ್ಟು ಬಿಡಬೇಕು.

ಬಹಳ ಜನ ಮರೆಯುವುದು ‘ವಿ-ಲ್ಯಾನ್ ಡಾಟ್ ಡ್ಯಾಟ್’ ಫೈಲನ್ನು. ಸ್ವಿಚ್ಚು ವಿಟಿಪಿ (ವಿ-ಲ್ಯಾನ್ ಪಟ್ಟಿಯನ್ನು ಸ್ವಿಚ್ಚುಗಳ ನಡುವೆ ಹಂಚುವ ವ್ಯವಸ್ಥೆ) ಸರ್ವರ್ ಸ್ಥಿತಿಯಲ್ಲಿದ್ದರೆ 1ರಿಂದ 1005ರವರೆಗಿನ ವಿ-ಲ್ಯಾನುಗಳ ವಿವರ ರನ್ನಿಂಗ್-ಕಾನ್ಫಿಗ್‌ನಲ್ಲಿ ಇರುವುದಿಲ್ಲ, ಈ ಫೈಲಿನಲ್ಲಿ ಮಾತ್ರ ಇರುತ್ತದೆ. ‘ಡಿರ್ ಫ್ಲ್ಯಾಶ್:’ ಎಂದು ಸ್ವಿಚ್ಚಿನ ಫ್ಲ್ಯಾಶ್ ಸಂಗ್ರಹದ ಪಟ್ಟಿ ಕೇಳಿದರೆ ಅದು ಕಣ್ಣಿಗೆ ಬೀಳುತ್ತದೆ. ಅದನ್ನೂ ಹೊರಗೆ ಕಾಪಿ ಮಾಡಿಕೊಳ್ಳಿ.

ಹೊಸ ಐಓಎಸ್ ಇಮೇಜನ್ನು (ತಂತ್ರಾಂಶದ ಫೈಲನ್ನು) ಒಳಗೆ ತರುವಾಗ ಫ್ಲ್ಯಾಶ್‌ನಲ್ಲಿ ಜಾಗವಿದೆಯೇ ನೋಡಿ. ಕಾಪಿ ಮುಗಿದ ಮೇಲೆ ‘ವೆರಿಫೈ’ ಆದೇಶದಿಂದ ಎಂಡಿ5 ಮೊತ್ತವನ್ನು (ಫೈಲು ಕೆಟ್ಟಿಲ್ಲವೆಂದು ತಿಳಿಸುವ ಸಂಕೇತವನ್ನು) ತಯಾರಕರು ಕೊಟ್ಟದ್ದರೊಂದಿಗೆ ಹೋಲಿಸಿ, ಎರಡೂ ಒಂದೇ ಆಗಿದ್ದರೆ ಮಾತ್ರ ರೀಲೋಡ್ ಮಾಡಬೇಕು. ಹಳೆಯ ಇಮೇಜನ್ನು ಅದಕ್ಕೆ ಮುಂಚೆ ಅಳಿಸಬಾರದು.

ಬದಲಿ ಸ್ವಿಚ್ಚಿಗೆ ಫೈಲುಗಳನ್ನು ತುಂಬುವಾಗ ಹೆಚ್ಚಿನ ಎಚ್ಚರ ಬೇಕು. ‘ರನ್ನಿಂಗ್-ಕಾನ್ಫಿಗ್’ಗೆ ಕಾಪಿ ಮಾಡಿದರೆ ಹಳೆಯದು ಹೋಗಿ ಹೊಸದು ಬರುವುದಿಲ್ಲ, ಎರಡೂ ಬೆರೆಯುತ್ತವೆ. ಹಾಗಾಗಿ ಲ್ಯಾಪ್‌ಟಾಪನ್ನು ಸ್ವಿಚ್ಚಿಗೆ ನೇರವಾಗಿ ಜೋಡಿಸುವ ಕನ್ಸೋಲ್ ಕೇಬಲ್ ಮೂಲಕ ತಾತ್ಕಾಲಿಕ ಐಪಿ ವಿಳಾಸವೊಂದನ್ನು ಕೊಟ್ಟು, ವಿ-ಲ್ಯಾನ್ ಫೈಲನ್ನು ಫ್ಲ್ಯಾಶ್‌ಗೂ ಕಾನ್ಫಿಗರೇಶನನ್ನು ‘ಸ್ಟಾರ್ಟಪ್-ಕಾನ್ಫಿಗ್’ಗೂ ಕಾಪಿ ಮಾಡಿ ರೀಲೋಡ್ ಮಾಡಬೇಕು. ಆಗ ಸ್ವಿಚ್ಚು ‘ಕಾನ್ಫಿಗರೇಶನ್ ಬದಲಾಗಿದೆ, ಸೇವ್ ಮಾಡಲೇ?’ ಎಂದು ಕೇಳಿದರೆ ಇಲ್ಲವೆಂದೇ ಉತ್ತರಿಸಿ. ಅಭ್ಯಾಸಬಲದಿಂದ ಹೌದೆಂದರೆ ಆಗತಾನೆ ತುಂಬಿದ ಫೈಲಿನ ಮೇಲೆ ಆ ತಾತ್ಕಾಲಿಕ ಕಾನ್ಫಿಗರೇಶನ್ ಬಂದು ಕೂರುತ್ತದೆ. ಎಸ್‌ಎಸ್‌ಎಚ್‌ಗೆ ಬೇಕಾದ ಆರ್‌ಎಸ್‌ಎ ಗೂಢಲಿಪಿ ಕೀಲಿಗಳು ಕಾನ್ಫಿಗ್ ಫೈಲಿನೊಂದಿಗೆ ಬರುವುದಿಲ್ಲವಾದ್ದರಿಂದ, ಅವುಗಳನ್ನು ಹೊಸದಾಗಿ ಸೃಷ್ಟಿಸಿ, ಲ್ಯಾಪ್‌ಟಾಪಿನಿಂದ ಲಾಗಿನ್ ಆಗುವುದೆಂದು ಖಚಿತವಾದ ಮೇಲಷ್ಟೇ ಕನ್ಸೋಲ್ ಕೇಬಲ್ ಬಿಚ್ಚಿ.