ಮೂರು ಡಿಗ್ರಿಯ ಲೆಕ್ಕ ಬಿಟ್ಟು ಸ್ಕೇಲ್ ಹಿಡಿದೆ

ಅಣುಗಳ ಚಿತ್ರ ಬಿಡಿಸುವ ತಂತ್ರಾಂಶ ಪೈಮಾಲ್‌ನಲ್ಲಿ ನಾನು ಮಾಡಿದ ಮೊದಲ ಸ್ಟೀರಿಯೊ ಜೋಡಿ, ಅಂದರೆ ಕಣ್ಣಿಗೊಂದರಂತೆ ನೋಡಿದಾಗ ಆಳ ಕಾಣಿಸುವ ಎರಡು ಚಿತ್ರ, ಸ್ನಾಯುವಿನ ಪ್ರೋಟೀನ್ ಮಯೋಗ್ಲೋಬಿನ್‌ನದು. ಅಣುವನ್ನು ಎಡಕ್ಕೆ ಮೂರು ಡಿಗ್ರಿ, ಬಲಕ್ಕೆ ಮೂರು ಡಿಗ್ರಿ ತಿರುಗಿಸಿ ಎರಡು ಚಿತ್ರ ತೆಗೆದು ಪಕ್ಕಪಕ್ಕ ಇಟ್ಟೆ. ಸಾಮಾನ್ಯವಾಗಿ ಹೇಳಿಕೊಡುವ ಲೆಕ್ಕವೇ ಅದು, ಒಟ್ಟು ಆರು ಡಿಗ್ರಿ. ಎರಡೂ ಚಿತ್ರ ಕಣ್ಣಿಗೆ ತಟ್ಟನೆ ಒಂದಾಗಿ ಕೂಡಿಕೊಂಡವು. ಅದರ ಕಬ್ಬಿಣ ಹೊತ್ತ ಚಪ್ಪಟೆ ಭಾಗ ಹೀಮ್ ತನ್ನ ಗುಳಿಯೊಳಗೆ ಓರೆಯಾಗಿ ಕೂತಿರುವುದು ಕೈಗೆ ಸಿಗುವ ಹಾಗೆ ಕಂಡಿತು. ಅದೇ ಹುಮ್ಮಸ್ಸಿನಲ್ಲಿ ನಾಲ್ಕು ಸರಪಳಿಗಳ ಹೀಮೋಗ್ಲೋಬಿನ್ ಮಾಡಿದೆ. ಅರ್ಧ ನಿಮಿಷ ನೋಡುವುದರೊಳಗೆ ಹುಬ್ಬಿನ ನಡುವೆ ಸೆಳೆತ ಶುರುವಾಯಿತು. ಹಿಂದಿನ ಸರಪಳಿ ಕೂಡಿತು ಅನ್ನುವಷ್ಟರಲ್ಲಿ ಮುಂದಿನದು ಎರಡಾಗಿ ಒಡೆಯುತ್ತಿತ್ತು. ಪಕ್ಕದ ಮೇಜಿನವರಿಗೆ ತೋರಿಸಿದೆ. ಅವರೂ ಕಣ್ಣುಜ್ಜಿಕೊಂಡು ಎದ್ದುಹೋದರು.

ಕೋನ ಅದೇ, ತಂತ್ರಾಂಶ ಅದೇ, ಕಣ್ಣೂ ಅದೇ. ಬದಲಾಗಿದ್ದು ಅಣುವಿನ ಆಳ ಮಾತ್ರ. ಮಯೋಗ್ಲೋಬಿನ್‌ನ ಅಳತೆ ಸುಮಾರು 45, 35, 25 ಆಂಗ್‌ಸ್ಟ್ರಾಮ್ (ಒಂದು ಆಂಗ್‌ಸ್ಟ್ರಾಮ್ ಅಂದರೆ ಮಿ.ಮೀ.ಯ ಕೋಟಿಯಲ್ಲೊಂದು ಪಾಲು). ನಾನು ಅದನ್ನು ತೆಳ್ಳಗಿನ ಕಡೆಯಿಂದ ನೋಡುತ್ತಿದ್ದೆ. ಹೀಮೋಗ್ಲೋಬಿನ್ ಸುಮಾರು 64, 55, 50. ಅದನ್ನು ಉದ್ದದ ಅಕ್ಷದ ಗುಂಟ ನೋಡುವ ಹಾಗೆ ನಿಲ್ಲಿಸಿದ್ದೆ. ಅಂದರೆ 25ರ ಜಾಗದಲ್ಲಿ 64ರ ಆಳ.

ಆಗ ಸ್ಕೇಲ್ ತೆಗೆದುಕೊಂಡೆ. ಜೋಡಿಯನ್ನು ಮುದ್ರಿಸಿ, ತೀರಾ ಮುಂದಿರುವ ಒಂದು ಪರಮಾಣುವನ್ನು ಎರಡೂ ಚಿತ್ರಗಳಲ್ಲಿ ಗುರುತಿಸಿ ನಡುವಿನ ದೂರ ಅಳೆದೆ. ತೀರಾ ಹಿಂದಿರುವ ಇನ್ನೊಂದು ಪರಮಾಣುವಿಗೂ ಹಾಗೇ ಮಾಡಿದೆ. ಎರಡು ದೂರಗಳ ವ್ಯತ್ಯಾಸವೇ ಕಣ್ಣು ಹೊರಬೇಕಾದ ಭಾರ. 60 ಮಿ.ಮೀ. ಅಗಲದ ಚಿತ್ರದಲ್ಲಿ ಮಯೋಗ್ಲೋಬಿನ್‌ಗೆ ಅದು ಮೂರೂವರೆ ಮಿ.ಮೀ. ಬಂತು, ಹೀಮೋಗ್ಲೋಬಿನ್‌ಗೆ ಏಳಕ್ಕಿಂತ ಹೆಚ್ಚು. ಮುಂದಿನದಕ್ಕೂ ಹಿಂದಿನದಕ್ಕೂ ಕಣ್ಣುಗಳು ಹೊರಳಬೇಕಾದ ಕೋನ ಸುಮಾರು ಒಂದು ಡಿಗ್ರಿಯೊಳಗೆ ಇದ್ದರೆ ಹಾಯಾಗಿರುತ್ತದೆ. 30 ಸೆಂ.ಮೀ. ದೂರದಿಂದ ಓದುವ ಕಾಗದದಲ್ಲಿ ಒಂದು ಡಿಗ್ರಿ ಅಂದರೆ ಐದು ಮಿ.ಮೀ. ಚಿಲ್ಲರೆ. ಹೀಮೋಗ್ಲೋಬಿನ್‌ನ ಒಟ್ಟು ತಿರುವನ್ನು ನಾಲ್ಕು ಡಿಗ್ರಿಗೆ ಇಳಿಸಿದೆ. ವ್ಯತ್ಯಾಸ ಐದು ಮಿ.ಮೀ.ಗೆ ಇಳಿಯಿತು, ಚಿತ್ರ ಕೂಡಿಕೊಂಡಿತು. ಅಂದಿನಿಂದ ಡಿಗ್ರಿಯನ್ನು ಮೊದಲೇ ನಿಗದಿ ಮಾಡುವುದಿಲ್ಲ. ಅಳತೆ ನೋಡಿ ಡಿಗ್ರಿ ಹಿಡಿಯುತ್ತೇನೆ.

ಆದರೂ ಮೂಲೆಗಳಲ್ಲಿ ಏನೋ ಕಿರಿಕಿರಿ ಉಳಿದಿತ್ತು. ನಡುವೆ ನೋಡಿದರೆ ಸರಿ, ಮೇಲಿನ ಬಲಮೂಲೆಯ ಸುರುಳಿಯತ್ತ ಕಣ್ಣು ಹೋದರೆ ತೊಡಕು. ಎರಡೂ ಚಿತ್ರಗಳ ಮೇಲೆ ಅಡ್ಡಗೆರೆ ಎಳೆದು ನೋಡಿದಾಗ ಗೊತ್ತಾಯಿತು: ಒಂದೇ ಪರಮಾಣು ಒಂದು ಚಿತ್ರದಲ್ಲಿ ಕೂದಲೆಳೆಯಷ್ಟು ಮೇಲಿದೆ. ಕಣ್ಣುಗಳು ಅಡ್ಡಕ್ಕೆ ಹೊರಳುವುದಕ್ಕೆ ಪಳಗಿವೆ. ಒಂದು ಕಣ್ಣು ಮೇಲೆ, ಇನ್ನೊಂದು ಕೆಳಗೆ ಹೋಗಬೇಕೆಂದರೆ ಅವುಗಳಿಗೆ ಆಗದು. ಪರ್ಸ್ಪೆಕ್ಟಿವ್ ಇಟ್ಟುಕೊಂಡು ಅಣುವನ್ನು ತಿರುಗಿಸಿದ್ದರಿಂದ ಆದ ತೊಂದರೆ ಇದು. ತಿರುಗಿದಾಗ ಒಂದು ಅಂಚು ಕ್ಯಾಮೆರಾಕ್ಕೆ ಹತ್ತಿರ ಬಂದು ದೊಡ್ಡದಾಗುತ್ತದೆ, ಇನ್ನೊಂದು ದೂರ ಸರಿದು ಸಣ್ಣದಾಗುತ್ತದೆ. ಹತ್ತಿರ ದೂರ ಎನ್ನದೆ ಎಲ್ಲವನ್ನೂ ಒಂದೇ ಅಳತೆಯಲ್ಲಿ ತೋರಿಸುವ ಆರ್ಥೋಸ್ಕೋಪಿಕ್ ಆನ್ ಮಾಡಿದರೆ ಮುಗಿಯಿತು: ಲಂಬ ಅಕ್ಷದ ಸುತ್ತ ಎಷ್ಟೇ ತಿರುಗಿಸಿದರೂ ಯಾವ ಪರಮಾಣುವೂ ಮೇಲೆಕೆಳಗೆ ಕದಲುವುದಿಲ್ಲ. ಪರ್ಸ್ಪೆಕ್ಟಿವ್ ಹೋದದ್ದರಿಂದ ಆಳ ತುಸು ಸಪ್ಪೆಯಾಗುತ್ತದೆ. ಅದಕ್ಕೆ ಹಿಂದಿನ ಭಾಗ ಮಸುಕಾಗುವಂತೆ ಫಾಗ್ ಹಾಕುತ್ತೇನೆ. ಮಸುಕಾದ ಹಿನ್ನೆಲೆ ಕಣ್ಣನ್ನು ಅಷ್ಟಾಗಿ ಎಳೆಯುವುದೂ ಇಲ್ಲ.

ಎರಡು ಚಿತ್ರಗಳಲ್ಲಿ ಬೇರೆಬೇರೆ ಕಡೆ ಬೀಳುವ ಯಾವುದೂ ಕಣ್ಣಿಗೆ ಒಳ್ಳೆಯದಲ್ಲ. ದೀಪ ನಿಂತಲ್ಲೇ ನಿಂತು ಅಣು ಮಾತ್ರ ತಿರುಗಿದರೆ ನೆರಳು ಜಾಗ ಬದಲಿಸುತ್ತದೆ, ನೆರಳು ತೆಗೆದುಬಿಡುತ್ತೇನೆ. ಗೋಲಗಳ ಮೇಲಿನ ಹೊಳಪಿನ ಚುಕ್ಕೆಯನ್ನೂ ತಗ್ಗಿಸುತ್ತೇನೆ. ಎಲೆಕ್ಟ್ರಾನ್ ಸಾಂದ್ರತೆಯನ್ನು, ಅಂದರೆ ಎಲೆಕ್ಟ್ರಾನ್‌ಗಳು ಎಲ್ಲಿ ದಟ್ಟವಾಗಿವೆ ಎಂಬುದನ್ನು, ತೋರಿಸುವ ಒತ್ತಾದ ಬಲೆ ಇನ್ನೂ ಕಷ್ಟದ್ದು. ಒಂದೇ ತರಹದ ಮನೆಗಳಿರುವ ಬಲೆಯಲ್ಲಿ ಒಂದು ಮನೆ ಪಕ್ಕದ ಮನೆಯೊಂದಿಗೆ ಕೂಡಿಕೊಂಡು ಸುಳ್ಳು ಆಳ ತೋರುತ್ತದೆ. ಬೇಕಾದ ಭಾಗದ ಸುತ್ತ ಮಾತ್ರ ಬಲೆ ಉಳಿಸಿ ಮಿಕ್ಕಿದ್ದನ್ನು ಕತ್ತರಿಸುವುದೇ ಲೇಸು.

ಅಣುವಿನ ಭಾಗಗಳ ಹೆಸರುಗಳನ್ನು ಆಮೇಲೆ ಚಿತ್ರ ತಿದ್ದುವ ತಂತ್ರಾಂಶದಲ್ಲಿ ಬರೆಯಬೇಡಿ. ಎರಡೂ ಚಿತ್ರಗಳಲ್ಲಿ ಒಂದೇ ಜಾಗಕ್ಕೆ ಕೂತ ಅಕ್ಷರ ಅಣುವಿನ ನಡುಮಟ್ಟದಲ್ಲಿ ತೇಲುತ್ತದೆ, ಅದು ತೋರಿಸಬೇಕಾದ ಹಿಸ್ಟಿಡೀನ್ ಎಂಬ ಅಮೈನೋ ಆಮ್ಲ ಎಷ್ಟೋ ಹಿಂದೆ ಉಳಿಯುತ್ತದೆ. ಪೈಮಾಲ್‌ನಲ್ಲೇ ಪರಮಾಣುವಿಗೆ ಲೇಬಲ್ ಅಂಟಿಸಿ ಅದನ್ನು ತುಸು ಮುಂದಕ್ಕೆ ತಂದರೆ ಎರಡೂ ಒಟ್ಟಿಗಿರುತ್ತವೆ.

ಎಡ ಬಲ ಅದಲುಬದಲಾಗುವ ತಪ್ಪು ಎಲ್ಲಕ್ಕಿಂತ ಅಪಾಯದ್ದು, ಯಾಕೆಂದರೆ ಅದು ಕಣ್ಣಿಗೆ ನೋವು ಕೊಡದೆಯೂ ಸುಳ್ಳು ಹೇಳಬಲ್ಲದು. ದೃಷ್ಟಿಯನ್ನು ದೂರಕ್ಕೆ ಬಿಟ್ಟು ನೋಡುವವರಿಗೆ ಎಡಗಣ್ಣಿನ ಚಿತ್ರ ಎಡಕ್ಕಿರಬೇಕು. ಮೆಳ್ಳೆಗಣ್ಣು ಮಾಡಿ ನೋಡುವವರಿಗೆ ಅದು ಬಲಕ್ಕೆ. ಒಬ್ಬರಿಗೆ ಮಾಡಿದ ಜೋಡಿಯನ್ನು ಇನ್ನೊಬ್ಬರು ತಮ್ಮ ರೀತಿಯಲ್ಲಿ ನೋಡಿದರೆ ಹಿಂದಿನದು ಮುಂದೆ ಬರುತ್ತದೆ. ತೆಳು ಕಡ್ಡಿಗಳ ಮಾದರಿಯಾದರೆ ಬಲಸುರುಳಿಯ ಆಲ್ಫಾ ಹೀಲಿಕ್ಸ್ (ಪ್ರೋಟೀನ್ ಸರಪಳಿಯ ಸುರುಳಿ) ಎಡಸುರುಳಿಯಾಗಿ ಕಾಣುತ್ತದೆ. ಅದಕ್ಕೇ ಕೊನೆಗೊಮ್ಮೆ ಹೀಲಿಕ್ಸ್ ಸುತ್ತುವ ದಿಕ್ಕು ನೋಡುತ್ತೇನೆ. ಚಿತ್ರ ಕೂಡಿಸಲು ಬಾರದವರಿಗೂ ಒಂದು ಗುರುತಿದೆ: ಎಡಗಣ್ಣಿನ ಚಿತ್ರದಲ್ಲಿ ಮುಂದಿನ ಪರಮಾಣು, ಹಿಂದಿನದಕ್ಕೆ ಹೋಲಿಸಿದರೆ, ಬಲಕ್ಕೆ ಸರಿದಿರುತ್ತದೆ. ಯಾವ ರೀತಿಯ ಜೋಡಿ ಎಂದು ಚಿತ್ರದ ಕೆಳಗೆ ಬರೆದೇ ಬಿಡಿ. ದೂರದ ದೃಷ್ಟಿಯ ಜೋಡಿಯಲ್ಲಿ ಒಂದೇ ಬಿಂದುವಿನ ಎರಡು ಪ್ರತಿಗಳು 60 ಮಿ.ಮೀ.ಗಿಂತ ದೂರವಾಗದಂತೆಯೂ ನೋಡಿಕೊಳ್ಳಿ. ನಮ್ಮ ಕಣ್ಣುಗಳ ನಡುವೆ ಇರುವುದೇ 63 ಮಿ.ಮೀ. ಆಸುಪಾಸು.

ಈ ಕೊನೆಯ ಸಂಗತಿಯನ್ನು ಪ್ರೊಜೆಕ್ಟರ್ ನನಗೆ ಕಲಿಸಿತು. ಕೆಂಪು-ಸಯಾನ್ ಕನ್ನಡಕ ಹಾಕಿ ನೋಡುವ, ಎರಡೂ ಚಿತ್ರ ಒಂದರ ಮೇಲೊಂದು ಕೂತ ಅನಗ್ಲಿಫ್ ಒಂದನ್ನು ಲ್ಯಾಪ್‌ಟಾಪಿನಲ್ಲಿ ಮಾಡಿದ್ದೆ. 25 ಸೆಂ.ಮೀ. ಅಗಲದ ಚಿತ್ರ, ಹಿನ್ನೆಲೆಯಲ್ಲಿ ಒಂದೇ ಬಿಂದುವಿನ ಎರಡು ಪ್ರತಿಗಳ ನಡುವೆ 8 ಮಿ.ಮೀ. ಸರಿತ, ನೋಡಲು ಆರಾಮ. ಅದೇ ಚಿತ್ರ ಮೂರು ಮೀಟರ್ ಪರದೆಗೆ ಹೋದಾಗ ಹನ್ನೆರಡು ಪಟ್ಟಾಗಿ 96 ಮಿ.ಮೀ. ಆಯಿತು. ಅದನ್ನು ಕೂಡಿಸಲು ಕಣ್ಣುಗಳು ಹೊರಮುಖವಾಗಿ ತಿರುಗಬೇಕು. ಎರಡನೇ ಸ್ಲೈಡಿಗೇ ಹಲವರು ಕನ್ನಡಕ ತೆಗೆದರು. ಈಗ ಪರದೆಯ ಅಗಲ ಮೊದಲೇ ಕೇಳಿಕೊಳ್ಳುತ್ತೇನೆ. ಒಟ್ಟು ತಿರುವನ್ನು ಎರಡು ಡಿಗ್ರಿಯ ಆಸುಪಾಸಿಗೆ ಇಳಿಸಿ, ಎರಡೂ ಚಿತ್ರಗಳನ್ನು ಅಡ್ಡಕ್ಕೆ ಜರುಗಿಸಿ, ಹಿನ್ನೆಲೆಯ ಸರಿತ ಆ ಪರದೆಯ ಮೇಲೆ 50 ಮಿ.ಮೀ. ದಾಟದಂತೆ ಕೂರಿಸುತ್ತೇನೆ. ಜರುಗಿಸಿದಾಗ ಇಡೀ ಅಣು ಮುಂದಕ್ಕೆ ಬರುತ್ತದೆ. ಮುಂದೆ ಬಂದ ಭಾಗವನ್ನು ಚೌಕಟ್ಟಿನ ಅಂಚು ಕತ್ತರಿಸದಂತೆ ಸುತ್ತಲೂ ಜಾಗ ಬಿಟ್ಟಿರುತ್ತೇನೆ.