ಅಜ್ಜನ ಪೆಟ್ಟಿಗೆಯ ದಸ್ತಾವೇಜುಗಳನ್ನು ಸ್ಕ್ಯಾನ್ ಮಾಡಿದ ಬಗೆ

ಉಡುಪಿಯ ನಮ್ಮ ಮನೆಯ ಅಟ್ಟದಲ್ಲಿ ಅಜ್ಜನ ಕಾಲದ ಕಬ್ಬಿಣದ ಪೆಟ್ಟಿಗೆಯೊಂದಿದೆ. ಗೇಣಿ ಚೀಟುಗಳು, ತೀರ್ವೆ ರಶೀದಿಗಳು, ಒಂದು ಪಾಲುಪಟ್ಟಿ, 1974ರ ಭೂಸುಧಾರಣೆಯ ಬಳಿಕ ಗೇಣಿ ಭೂಮಿಯ ಹಕ್ಕು ಕೋರಿ ಸಲ್ಲಿಸಿದ ಡಿಕ್ಲರೇಶನ್ ಅರ್ಜಿಯ ಪ್ರತಿ, ಭೂ ನ್ಯಾಯಮಂಡಳಿಯ ಆದೇಶ ಎಲ್ಲವೂ ಸೇರಿ ಅದರಲ್ಲಿ ಸುಮಾರು 400 ಹಾಳೆಗಳಿವೆ. ಆಗಿನ ದಕ್ಷಿಣ ಕನ್ನಡ ಜಿಲ್ಲೆ ಮದ್ರಾಸಿಗೆ ಸೇರಿದ್ದ, ಅಂದರೆ 1956ಕ್ಕೆ ಹಿಂದಿನ ಕಾಗದಗಳೇ ಹೆಚ್ಚು. ಕಳೆದ ಮಳೆಗಾಲದಲ್ಲಿ ತಳದ ಕಟ್ಟಿಗೆ ತೇವ ಹಿಡಿದು ನಾಲ್ಕು ರಶೀದಿಗಳು ಒಂದಕ್ಕೊಂದು ಅಂಟಿಕೊಂಡದ್ದನ್ನು ಕಂಡಾಗ, ಇನ್ನು ತಡಮಾಡಬಾರದೆಂದು ಕೆಲಸಕ್ಕೆ ಕೈ ಹಾಕಿದೆ.

ನನ್ನಲ್ಲಿದ್ದದ್ದು ಹಳೆಯ ಫ್ಲಾಟ್‌ಬೆಡ್ ಸ್ಕ್ಯಾನರ್. ಅದರ ತಯಾರಕರು ಹೊಸ ವಿಂಡೋಸ್‌ಗೆ ಡ್ರೈವರ್ ಕೊಡುವುದನ್ನು ನಿಲ್ಲಿಸಿದ್ದರಿಂದ ಅದು ಮೂಲೆ ಸೇರಿತ್ತು. ವಿಂಡೋಸ್‌ನ ಬದಲು ಬಳಸಬಹುದಾದ ಲಿನಕ್ಸ್‌ನಲ್ಲಿ ಸ್ಕ್ಯಾನರುಗಳನ್ನು ನಡೆಸುವ ಸೇನ್ ಎಂಬ ಮುಕ್ತ ತಂತ್ರಾಂಶ ಅದನ್ನು ಒಡನೆಯೇ ಗುರುತಿಸಿತು. ಹೊಸ ಯಂತ್ರ ಕೊಳ್ಳುವ ಮೊದಲು ಇಷ್ಟನ್ನು ಪರೀಕ್ಷಿಸಿ ನೋಡಬೇಕೆಂದು ನಾನು ಎಲ್ಲರಿಗೂ ಹೇಳುತ್ತೇನೆ.

ಮೊದಲ 60 ಹಾಳೆಗಳಲ್ಲಿ ನಾನು ತಪ್ಪು ಮಾಡಿದೆ. ನಾನು ಬಳಸಿದ ಸಿಂಪಲ್ ಸ್ಕ್ಯಾನ್ ಎಂಬ ತಂತ್ರಾಂಶದಲ್ಲಿ ಪಠ್ಯ ಮತ್ತು ಚಿತ್ರ ಎಂಬ ಎರಡು ಆಯ್ಕೆಗಳಿವೆ. ಇವು ಬರಹದ ಕಾಗದಗಳೇ ಅಲ್ಲವೇ ಎಂದುಕೊಂಡು ಪಠ್ಯವನ್ನೇ ಆರಿಸಿದೆ. ಕಡತಗಳು ಚಿಕ್ಕದಾಗಿ ಬಂದವು, ಅಕ್ಷರಗಳೂ ಓದಲು ಬರುತ್ತಿದ್ದವು. ಒಂದು ಗೇಣಿ ಚೀಟಿನ ಅಂಚಿನಲ್ಲಿ ಅಜ್ಜ ಪೆನ್ಸಿಲಿನಿಂದ ಬರೆದಿದ್ದ ಟಿಪ್ಪಣಿಯನ್ನು ದೊಡ್ಡಪ್ಪ ಕೇಳಿದಾಗಲೇ ನನಗೆ ವಿಷಯ ತಿಳಿದದ್ದು: ಪರದೆಯ ಮೇಲೆ ಆ ಟಿಪ್ಪಣಿಯೇ ಇರಲಿಲ್ಲ, ಮಾಸಿದ ನೇರಳೆ ಮೊಹರೂ ಇರಲಿಲ್ಲ; ಪಠ್ಯದ ಆಯ್ಕೆ ಬಣ್ಣವನ್ನು ಬಿಟ್ಟು ಮಸುಕಾದ ಗುರುತುಗಳನ್ನು ಅಳಿಸಿಬಿಟ್ಟಿತ್ತು. ತೋಡಿನ ಬದಿಯ ಗಡಿಕಲ್ಲು ಎಲ್ಲಿದೆಯೆಂದು ಹೇಳುವ ಒಂದೇ ಸಾಲು ಅದಾಗಿತ್ತು. ಆ 60 ಹಾಳೆಗಳನ್ನೂ ಮತ್ತೆ ಮಾಡಿದೆ.

ಅಂದಿನಿಂದ ಪ್ರತಿಯೊಂದು ಹಾಳೆಯನ್ನೂ ಬಣ್ಣದಲ್ಲಿ, 300 ಡಿಪಿಐಯಲ್ಲಿ (ಅಂಗುಲಕ್ಕೆ 300 ಬಿಂದು) ಸ್ಕ್ಯಾನ್ ಮಾಡಿ ಟಿಫ್ ಎಂಬ ಬಗೆಯ ಚಿತ್ರದ ಕಡತವಾಗಿ ಇರಿಸುತ್ತೇನೆ, ಅದನ್ನು ಮುಂದೆಂದೂ ತಿದ್ದುವುದಿಲ್ಲ. ಎ4 ಅಳತೆಯ ಪುಟ ಈ ಲೆಕ್ಕದಲ್ಲಿ 2480 ಅಡ್ಡ, 3508 ಉದ್ದದ ಬಿಂದುಗಳಾಗಿ, ಕುಗ್ಗಿಸದೆ ಇಟ್ಟರೆ ಸುಮಾರು 26 ಎಂಬಿ ಆಗುತ್ತದೆ. ಇಡೀ ಪೆಟ್ಟಿಗೆ 10 ಜಿಬಿಯ ಆಸುಪಾಸಿನಲ್ಲಿ ಮುಗಿಯುವುದರಿಂದ, ಜಾಗ ಉಳಿಸಲೆಂದು ಬಣ್ಣ ಬಿಡುವುದರಲ್ಲಿ ಅರ್ಥವಿಲ್ಲ.

ಹೆಚ್ಚು ಹೊತ್ತು ಹಿಡಿಯುವುದು ಸ್ಕ್ಯಾನರಿನ ಮುಂದೆ ಅಲ್ಲ, ಅದಕ್ಕೂ ಮೊದಲು. ಮಳೆಗಾಲ ಕಳೆದು ಗಾಳಿ ಒಣಗುವವರೆಗೆ ಕಾದೆ. ತುಕ್ಕು ಹಿಡಿದ ಗುಂಡುಸೂಜಿಗಳನ್ನು ಎಳೆಯದೆ, ಕಾಗದವನ್ನು ಅಂಗೈಯಿಂದ ಒತ್ತಿ ಹಿಡಿದು ಮೆಲ್ಲನೆ ಸರಿಸಿ ತೆಗೆದೆ. ಮಡಿಕೆಗಳನ್ನು ಬಿಡಿಸಿ ಎರಡು ದಿನ ದಪ್ಪ ಪುಸ್ತಕಗಳ ಅಡಿಯಲ್ಲಿ ಇರಿಸಿದೆ. ಕಾರ್ಬನ್ ಪ್ರತಿಗಳ ತೆಳು ಕಾಗದದಲ್ಲಿ ಹಿಂಬದಿಯ ಬರಹ ಮೂಡಿ ಬರುತ್ತಿತ್ತು. ಮೇಲಿನಿಂದ ಒಂದು ಕಪ್ಪು ಕಾಗದ ಹಾಸಿದಾಗ ಅದು ಬಹುಮಟ್ಟಿಗೆ ಅಡಗಿತು. ಛಾಪಾ ಕಾಗದಗಳು ಎ4ಗಿಂತ ಉದ್ದವಾಗಿದ್ದುದರಿಂದ ಮೇಲರ್ಧ, ಕೆಳಗರ್ಧ ಎಂದು ಎರಡು ಸಲ, ನಡುವಿನ ಐದಾರು ಸಾಲುಗಳು ಎರಡರಲ್ಲಿಯೂ ಬರುವಂತೆ ಸ್ಕ್ಯಾನ್ ಮಾಡಿ ಗಿಂಪ್ ಎಂಬ ಚಿತ್ರ ತಿದ್ದುವ ತಂತ್ರಾಂಶದಲ್ಲಿ ಜೋಡಿಸಿದೆ.

ಓದಲು ಬೇಕಾದ ಪ್ರತಿಗಳನ್ನು ಈ ಟಿಫ್ ಕಡತಗಳಿಂದಲೇ ತೆಗೆಯುತ್ತೇನೆ. ಸ್ಕ್ಯಾನ್‌ಟೈಲರ್ ಎಂಬ ತಂತ್ರಾಂಶ ಓರೆಯಾದ ಪುಟಗಳನ್ನು ನೇರಗೊಳಿಸಿ, ತೆರೆದಿಟ್ಟ ಲೆಕ್ಕದ ಪುಸ್ತಕದ ಎರಡು ಪುಟಗಳನ್ನು ಬೇರ್ಪಡಿಸುತ್ತದೆ. ಪುಟಗಳನ್ನು ಪಿಡಿಎಫ್ ಆಗಿ ಸೇರಿಸಿದ ಮೇಲೆ, ಓಸಿಆರ್‌ಮೈಪಿಡಿಎಫ್ ಎಂಬ ತಂತ್ರಾಂಶ, ಚಿತ್ರದಲ್ಲಿರುವ ಬರಹವನ್ನು ಓದುವ ಟೆಸೆರಾಕ್ಟ್‌ನ ನೆರವಿನಿಂದ ಅಕ್ಷರಗಳನ್ನು ಗುರುತಿಸಿ, ಚಿತ್ರದ ಅಡಿಯಲ್ಲಿ ಕಾಣದ ಪದರವಾಗಿ ಇರಿಸುತ್ತದೆ. ಹೀಗಾಗಿ ಊರಿನ ಹೆಸರು ಕೊಟ್ಟು ಹುಡುಕಬಹುದು. ಟೆಸೆರಾಕ್ಟ್‌ಗೆ ಕನ್ನಡದ ದತ್ತಾಂಶವನ್ನು ಬೇರೆಯಾಗಿ ಅಳವಡಿಸಿ, ಕನ್ನಡ, ಇಂಗ್ಲಿಷ್ ಎರಡನ್ನೂ ಸೂಚಿಸಬೇಕು. ಅಚ್ಚಾದ ನಮೂನೆಗಳನ್ನು ಅದು ಚೆನ್ನಾಗಿಯೇ ಓದಿತು. ಆದರೆ ಒತ್ತಕ್ಷರಗಳಲ್ಲಿ ಎಡವಿತು, ಕನ್ನಡದ ಸೊನ್ನೆಯನ್ನು ಕೆಲವೆಡೆ ಅನುಸ್ವಾರವೆಂದು ತಿಳಿಯಿತು. ಸರ್ವೆ ನಂಬ್ರದಲ್ಲಿ ಇಂಥ ಒಂದು ತಪ್ಪು ಬಂದರೂ ಬೇರೆಯವರ ಗದ್ದೆಗೆ ಹೋದಂತಾಗುವುದರಿಂದ, ಯಾವ ಅಂಕಿಯನ್ನೂ ನಾನು ಆ ಪದರದಿಂದ ನಕಲು ಮಾಡುವುದಿಲ್ಲ, ಚಿತ್ರವನ್ನೇ ನೋಡಿ ಬರೆಯುತ್ತೇನೆ.

ಕಡತದ ಹೆಸರಿನಲ್ಲಿ ಮೊದಲು ವರ್ಷ, ಆಮೇಲೆ ದಸ್ತಾವೇಜಿನ ಬಗೆ, ಕೊನೆಗೆ ಸರ್ವೆ ನಂಬ್ರ. ಒಂದು ಪ್ರತಿ ನನ್ನಲ್ಲಿ, ಇನ್ನೊಂದು ಮಂಗಳೂರಿನಲ್ಲಿರುವ ತಮ್ಮನ ಹಾರ್ಡ್ ಡಿಸ್ಕಿನಲ್ಲಿದೆ. ಮೂಲ ಕಾಗದಗಳನ್ನು ಹತ್ತಿ ಬಟ್ಟೆಯಲ್ಲಿ ಸುತ್ತಿ ಅಟ್ಟದಿಂದ ಒಳಕೋಣೆಯ ಕಪಾಟಿಗೆ ತಂದಿದ್ದೇನೆ. ನ್ಯಾಯಾಲಯದಲ್ಲಿ ಮೊದಲು ಕೇಳುವುದು ಅವನ್ನೇ.

ಅಜ್ಜನ ಮೋಡಿ ಬರಹದ, ಅಂದರೆ ಅಕ್ಷರಗಳನ್ನು ಕೂಡಿಸಿ ಓಟವಾಗಿ ಬರೆದ ಕೈಬರಹದ ಲೆಕ್ಕದ ಪುಸ್ತಕಗಳ ಮುಂದೆ ಮಾತ್ರ ಟೆಸೆರಾಕ್ಟ್ ಕೈಚೆಲ್ಲಿತು. ಅವನ್ನು ಓದಬಲ್ಲವರು ನಮ್ಮ ಮನೆಯಲ್ಲಿ ದೊಡ್ಡಪ್ಪ ಒಬ್ಬರೇ. ಸಂಜೆ ದೀಪ ಹಚ್ಚಿದ ಮೇಲೆ ಪರದೆಯಲ್ಲಿ ಪುಟವನ್ನು ದೊಡ್ಡದು ಮಾಡಿ ತೋರಿಸುತ್ತೇನೆ, ಅವರು ಓದುತ್ತಾರೆ, ನಾನು ಬೆರಳಚ್ಚು ಮಾಡುತ್ತೇನೆ. ದಿನಕ್ಕೆ ಎರಡು ಪುಟ ಸಾಗುತ್ತಿದೆ.