ಮಗುವಿನ ರಕ್ತದಲ್ಲಿ ಸೀಸ: ಔಷಧಿಗಿಂತ ಮೊದಲು ನಾನು ಹುಡುಕುವುದು

ರಕ್ತಹೀನತೆಯ ಮಕ್ಕಳು ನನ್ನ ಕ್ಲಿನಿಕ್ಕಿಗೆ ದಿನವೂ ಬರುತ್ತಾರೆ. ಕಬ್ಬಿಣದ ಟಾನಿಕ್ ಕೊಟ್ಟರೂ ಹಿಮೋಗ್ಲೋಬಿನ್ ಏರದೆ, ಜೊತೆಗೆ ಮಲಬದ್ಧತೆ, ಹೊಟ್ಟೆನೋವು, ತಡವಾದ ಮಾತು, ಮಣ್ಣು ತಿನ್ನುವ ಚಟ ಇದ್ದರೆ ಸೀಸದ ಪರೀಕ್ಷೆ ಬರೆಯುತ್ತೇನೆ. ಅದಕ್ಕೂ ಮುಂಚೆ ಅಪ್ಪನ ಕೆಲಸ ಏನೆಂದು ಕೇಳುತ್ತೇನೆ.

ಬೆಂಗಳೂರಿನ ಒಬ್ಬ ತಾಯಿ, "ಹಳೇ ಬ್ಯಾಟರಿ ಒಡೆಯೋ ಕಡೆ ಮೇಡಂ" ಎಂದರು. ಆ ಬ್ಯಾಟರಿಗಳ ಒಳಗಿರುವುದು ಸೀಸವೇ. ಮೂರು ವರ್ಷದ ಮಗ. ಬೆರಳು ಚುಚ್ಚಿ ತೆಗೆದರೆ ಚರ್ಮದ ಮೇಲಿನ ಧೂಳೂ ಸೇರಿಕೊಳ್ಳಬಹುದೆಂದು ರಕ್ತನಾಳದಿಂದಲೇ ರಕ್ತ ತೆಗೆಸಿದೆ. ಡೆಸಿಲೀಟರಿಗೆ 30 ಮೈಕ್ರೋಗ್ರಾಂ ದಾಟಿತ್ತು. 5 ಇದ್ದರೇ ಮೂಲ ಪತ್ತೆಹಚ್ಚಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

"ಇಂಜೆಕ್ಷನ್ ಹಾಕಿ ತೆಗೆದುಬಿಡಿ ಮೇಡಂ" ಎಂದು ಅಪ್ಪ ಅಂಗಲಾಚಿದರು. ಆ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ಸೀಸ ಹೊರಹಾಕುವ ಔಷಧಿಯನ್ನು ಸಾಮಾನ್ಯವಾಗಿ 45 ಮುಟ್ಟಿದ ಮೇಲೆಯೇ ಕೊಡುವುದು. 20ರಿಂದ 44ರ ನಡುವಿದ್ದ ಮಕ್ಕಳಿಗೆ ಅಮೆರಿಕದಲ್ಲಿ ಸಕ್ಸಿಮರ್ ಎಂಬ ಇಂಥದ್ದೇ ಔಷಧಿ ಕೊಟ್ಟು ನೋಡಿದ ಅಧ್ಯಯನ 2001ರಲ್ಲಿ ಪ್ರಕಟವಾಯಿತು: ರಕ್ತದ ಸೀಸವೇನೋ ಇಳಿಯಿತು, ಬುದ್ಧಿಶಕ್ತಿಯ ಅಂಕ ಏರಲಿಲ್ಲ. ಮಿದುಳಿಗಾದ ಹಾನಿಯನ್ನು ಔಷಧಿ ಸರಿಪಡಿಸುವುದಿಲ್ಲ. ಹೊಸ ಸೀಸ ಒಳಹೋಗದಂತೆ ತಡೆಯುವುದೇ ಚಿಕಿತ್ಸೆ.

ಮನೆಗೆ ಹೋಗಿ ನೋಡಿದೆ. ಕೆಲಸದ ಅಂಗಿ ಮಗು ಮಲಗುವ ಕೋಣೆಯಲ್ಲೇ ನೇತಾಡುತ್ತಿತ್ತು, ಎಲ್ಲರ ಬಟ್ಟೆಯೂ ಒಂದೇ ಬಕೆಟ್ಟಿನಲ್ಲಿ. ಕೆಲಸದ ಜಾಗದಲ್ಲೇ ಸ್ನಾನ ಮಾಡಿ, ಬಟ್ಟೆ, ಚಪ್ಪಲಿ ಬದಲಿಸಿ ಬರಬೇಕೆಂದು ಅಪ್ಪನಿಗೆ ಹೇಳಿದೆ. ಆ ಬಟ್ಟೆ ಬೇರೆಯಾಗಿ ಒಗೆಯಬೇಕು. ಒಣಪೊರಕೆ ಧೂಳೆಬ್ಬಿಸುತ್ತದೆ, ಹಾಗಾಗಿ ಒದ್ದೆಬಟ್ಟೆಯಲ್ಲೇ ನೆಲ ಒರೆಸಬೇಕು. ತುತ್ತಿಡುವ ಮುಂಚೆ ಮಗುವಿನ ಕೈ ಸೋಪಿನಿಂದ ತೊಳೆಯಬೇಕು. ಸೀಸ ಇರಬಹುದಾದ ಕಾಡಿಗೆ, ಬಿಡಿ ಅರಿಸಿನಪುಡಿ, ಗೋಡೆಯಿಂದ ಉದುರುವ ಹಳೇ ಬಣ್ಣವನ್ನೂ ವಿಚಾರಿಸಿದೆ. ಇಲ್ಲಿ ಅಪ್ಪನ ಬಟ್ಟೆಯೇ ದೊಡ್ಡ ದಾರಿ ಅನ್ನಿಸಿತು.

ಊಟದ ಮಾತೂ ಮುಖ್ಯ. ನುಂಗಿದ ಸೀಸದಲ್ಲಿ ಸುಮಾರು ಅರ್ಧದಷ್ಟನ್ನು ಪುಟ್ಟ ಮಕ್ಕಳ ಕರುಳು ಹೀರಿಕೊಳ್ಳಬಲ್ಲದು; ಹೊಟ್ಟೆ ಖಾಲಿಯಿದ್ದರೆ, ಕಬ್ಬಿಣ, ಕ್ಯಾಲ್ಸಿಯಂ ಸಾಲದಿದ್ದರೆ ಇನ್ನೂ ಹೆಚ್ಚು. ಬೆಳಿಗ್ಗೆಯೇ ರಾಗಿ ಅಂಬಲಿ, ಮಧ್ಯಾಹ್ನ ನಿಂಬೆರಸ ಹಿಂಡಿದ ಸೊಪ್ಪಿನ ಪಲ್ಯ, ಜೊತೆಗೆ ಕಬ್ಬಿಣದ ಟಾನಿಕ್ ಮುಂದುವರಿಸಿದೆ. ತಾಯಿ ಬಸುರಿಯಾಗಿದ್ದರಿಂದ ಅವರ ರಕ್ತವನ್ನೂ ಪರೀಕ್ಷೆಗೆ ಕಳಿಸಿದೆ, ಏಕೆಂದರೆ ಮೂಳೆಯಲ್ಲಿ ಕೂತ ಸೀಸ ಗರ್ಭಿಣಿಯಲ್ಲಿ ಕರಗಿ ಹೊಟ್ಟೆಯೊಳಗಿನ ಕೂಸನ್ನು ತಲುಪುತ್ತದೆ.

ಮಗನ ಮಟ್ಟ ಇಳಿಯುತ್ತಿದೆ, ನಿಧಾನವಾಗಿ. ಮಾತಿನ ತರಬೇತಿಗೆ ಮೊದಲ ವಾರದಲ್ಲೇ ಕಳಿಸಿದೆ. ರಕ್ತ ಸರಿಹೋಗಲಿ ಎಂದು ಅದಕ್ಕೆ ಕಾಯಬಾರದು. ಗಮನ ನಿಲ್ಲದಿರುವುದು, ಓದಿನಲ್ಲಿ ಹಿಂದೆ ಬೀಳುವುದು ಶಾಲೆಗೆ ಸೇರಿದ ಮೇಲೆ ಕಾಣಿಸಿಕೊಳ್ಳಬಹುದು, ಹಾಗಾಗಿ ಅವನನ್ನು ಒಂದನೇ ತರಗತಿ ಮುಗಿಯುವವರೆಗೂ ತಪಾಸಣೆಗೆ ಕರೆಸುತ್ತೇನೆ.